ಸೀಸೆಗೆ ಕೇಳಿದ ಆಶೀರ್ವಾದ

ಕಸೋಮಾ,
ಏಪ್ರಿಲ್ ಒಂಬತ್ತು

ಈ ಕಾಗದವನ್ನು ಮೊದಲು ಒಡೆದು ಓದುತ್ತಿರುವ ಅಧ್ಯಕ್ಷರ ಬಂಗಲೆಯ ಗುಮಾಸ್ತನೇ, ನಿನಗೆ ನಾಚಿಕೆಯಿಲ್ಲವೇ? ಅಜ್ಜಿ ಮೊಮ್ಮಗನಿಗೆ ಬರೆದದ್ದು ಇದು. ಮಡಿಚಿ ಒಳಗೆ ಕೊಡು.

ಪ್ರೀತಿಯ ಕಸೊಂಡೆ,

ಆರೋಗ್ಯವೇ? ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಮಳೆ ನಿಂತ ಮೇಲೆ ನನ್ನ ಮೊಣಕಾಲು ಸ್ವಲ್ಪ ಬಗ್ಗುತ್ತಿದೆ. ಇಲ್ಲಿಯ ಎಲ್ಲ ಅಜ್ಜಿಯರ ಹಾಗೆ ನಾನೂ ನಿನ್ನನ್ನು ‘ಪುಟ್ಟ ಗಂಡ’ ಎಂದು ಕರೆಯುತ್ತಿದ್ದೆ. ಈ ಸಲ ಆ ಮಾತು ಕೈಗೆ ಬರುತ್ತಿಲ್ಲ.

ಮೀನಿನ ಲಾರಿಗೆ ಚೀಟಿ ಹರಿಯುತ್ತಿದ್ದ ನೀನು ರೇಡಿಯೋದಲ್ಲಿ ವಾರ್ತೆ ಓದುವವನಾದಾಗ ಊರೆಲ್ಲ ನನ್ನ ಅಂಗಳದಲ್ಲಿ ಕೂತು ಕೇಳಿತು. ಹಿಂದಿನ ಅಧ್ಯಕ್ಷ ಹತ್ತು ವರ್ಷಕ್ಕಿಂತ ಹೆಚ್ಚು ಆಳಬಾರದೆಂಬ ಕಾನೂನು ಮುರಿದು ಕುರ್ಚಿಯಲ್ಲೇ ಉಳಿಯುತ್ತೇನೆಂದ ಸುದ್ದಿಯನ್ನು ನೀನು ಓದಲಿಲ್ಲ. ‘ಇದನ್ನ ನನ್ನ ಬಾಯಿಂದ ಹೇಳಲ್ಲ’ ಎಂದು ಎದ್ದು ಹೋದೆ, ಮೂರು ವರ್ಷ ಜೈಲಿನಲ್ಲಿದ್ದೆ. ಆ ಒಂದು ಮಾತಿಗೇ ಜನ ನಿನ್ನನ್ನು ಅಧ್ಯಕ್ಷನನ್ನಾಗಿ ಮಾಡಿದ್ದು. ಎರಡು ಸಲವೂ ಪ್ರಮಾಣವಚನಕ್ಕೆ ಮೊದಲು ಬಂದು ನನ್ನ ಚಾಪೆಯ ಮೇಲೆ ಕೂತೆ. ನಮ್ಮ ಪದ್ಧತಿಯಂತೆ ನಿನ್ನ ಹಣೆಗೆ ಎಂಜಲು ಸಿಡಿಸಿ ಹರಸಿದೆ. ‘ಹತ್ತೇ ವರ್ಷ ಅಜ್ಜಿ, ಆಮೇಲೆ ಇಲ್ಲೇ ಬಂದು ಮರಗೆಣಸು ಒಣಗಿಸ್ತೀನಿ’ ಎಂದವನು ನೀನೇ.

ಈಗ ಅದೇ ಕಾನೂನನ್ನು ನೀನೂ ಮುರಿದೆ. ಮುಂದಿನ ತಿಂಗಳು ಮೂರನೇ ಪ್ರಮಾಣ. ಹೋದ ವಾರ ನಿನ್ನ ಕಾರ್ಯದರ್ಶಿ ಬಂದ, ಹೊಳೆಯುವ ಬೂಟು, ಕೈಯಲ್ಲೊಂದು ಗಾಜಿನ ಸೀಸೆ. ‘ಅಜ್ಜಿ, ಅಧ್ಯಕ್ಷರಿಗೆ ಬಿಡುವಿಲ್ಲ. ಇದರಲ್ಲೇ ಉಗುಳಿ ಕೊಟ್ಟುಬಿಡಿ, ಐಸಲ್ಲಿಟ್ಟು ತಗೊಂಡ್ಹೋಗ್ತೀವಿ’ ಎಂದ. ‘ಮೂತ್ರ ಬೇಡ್ವಾ, ರಕ್ತ ಬೇಡ್ವಾ? ನಿಮ್ಮ ಸಾಹೇಬ ಯಾವಾಗ ಡಾಕ್ಟರಾದ?’ ಎಂದು ಕೇಳಿ ಕಳಿಸಿದೆ. ನಿನ್ನ ಮುಖ ಅಚ್ಚು ಹಾಕಿದ ಬಟ್ಟೆಯೊಂದನ್ನು ಬಿಟ್ಟು ಹೋದ. ಅದರ ಮೇಲೆ ಕೋಳಿ ಕಾವಿಗೆ ಕೂತಿದೆ.

ಭಾನುವಾರ ಅಂಗಡಿಯ ಟಿವಿಯಲ್ಲಿ ನೋಡಿದೆ. ಯಾವಳೋ ಮುದುಕಿ ನಿನ್ನ ಹಣೆಗೆ ಎಂಜಲು ಸಿಡಿಸುತ್ತಿದ್ದಳು. ಕೆಳಗೆ ‘ಅಧ್ಯಕ್ಷರ ಅಜ್ಜಿ’ ಎಂದು ಬರೆದಿತ್ತು. ಅಷ್ಟು ಓದಲು ನನಗೆ ಬರುತ್ತದೆ. ನೀನು ಭಕ್ತಿಯಿಂದ ಕಣ್ಣು ಮುಚ್ಚಿದ್ದೆ. ಅಂಗಡಿಯಲ್ಲಿದ್ದವರೆಲ್ಲ ಟಿವಿ ಬಿಟ್ಟು ನನ್ನನ್ನು ನೋಡಿದರು.

ನಿನ್ನ ಮಕ್ಕಳಿಗೆ ನನ್ನ ತುಂಬು ಆಶೀರ್ವಾದ. ನಿನಗೆ ಆರೋಗ್ಯ ಇರಲಿ, ಅಷ್ಟೇ.

ನಿನ್ನ ತಾಯಿಯ ತಾಯಿ,
ಬನಾಮುತಾಲೆ

ಮರೆತಿದ್ದೆ: ಆ ಮುದುಕಿಯ ಹೆಸರು ಚಿಸಾಲಾ. ನಿನ್ನೆ ನನ್ನನ್ನು ಹುಡುಕಿಕೊಂಡು ಬಂದು ಅತ್ತಳು. ‘ಅಕ್ಕಾ, ನನ್ನಜ್ಜಿ ತೀರಿಕೊಂಡ್ಲು, ನೀವೇ ಅಜ್ಜಿ ಆಗಿ ಅಂತ ಅಧ್ಯಕ್ಷರೇ ಕೈ ಮುಗಿದ್ರು.’ ಊಟ ಹಾಕಿ ಉಳಿಸಿಕೊಂಡಿದ್ದೇನೆ. ಪ್ರಮಾಣದ ದಿನ ಇಬ್ಬರೂ ಬಸ್ಸು ಹತ್ತಿ ಬರುತ್ತೇವೆ. ಅವಳು ಸಿಡಿಸಿದ ಎಂಜಲನ್ನು ಅವಳು, ನಾನು ಸಿಡಿಸಿದ್ದನ್ನು ನಾನು, ಉಟ್ಟ ಬಟ್ಟೆಯ ಅಂಚಿನಿಂದ ಜನರೆದುರೇ ನಿನ್ನ ಹಣೆಯಿಂದ ಒರೆಸುತ್ತೇವೆ. ಅದು ಬೇಡವೆಂದಾದರೆ, ಕುರ್ಚಿ ಬಿಡುತ್ತೇನೆಂದು ನಿನ್ನ ಕೈಯಾರೆ ಬರೆದು ಈ ತಿಂಗಳು ಮುಗಿಯುವುದರೊಳಗೆ ಕಳಿಸು.