ನನ್ನ ತಮ್ಮ ಕುಣಿಯುತ್ತಿರಲಿಲ್ಲ

ನಗರ ದೃಶ್ಯಭಂಡಾರದ ಮುಖ್ಯಾಧಿಕಾರಿಗಳೇ,

ನನ್ನ ತಮ್ಮನನ್ನು ನಡುಬೀದಿಯಲ್ಲಿ ಕಬ್ಬಿಣದ ರಾಡಿನಿಂದ ಚಚ್ಚಿದ ವಿಡಿಯೊವನ್ನು ನಿಮ್ಮ ಇಲಾಖೆ 'ಸಂಭ್ರಮ' ಎಂಬ ವಿಭಾಗಕ್ಕೆ ಸೇರಿಸಿದೆ. ನಿಮ್ಮನ್ನು ಅಭಿನಂದಿಸಬೇಕೋ, ಕೊರಳಪಟ್ಟಿ ಹಿಡಿಯಬೇಕೋ ತಿಳಿಯದೆ ಈ ಪತ್ರ ಬರೆಯುತ್ತಿದ್ದೇನೆ.

ಮಧುಕರ್ ತಮಟೆ ಬಾರಿಸುವವನು. ನಮ್ಮ ಜೋಗುಪಾಳ್ಯದಲ್ಲಿ ಹಿರಿಯರು ತೀರಿಕೊಂಡರೆ ಅಳುವವರು ಅಳುತ್ತಾರೆ, ಕುಣಿಯುವವರು ಕುಣಿಯುತ್ತಾರೆ. ಹೂವು ಚೆಲ್ಲಿ, ತಮಟೆ ಬಡಿದು ಕಳಿಸಿಕೊಡುವುದು ನಮ್ಮ ಪದ್ಧತಿ. ಅಂದು ಚಿಕ್ಕವೆಂಕಟಪ್ಪ ತಾತನ ಹೆಣ ಹೊರಟಾಗ, ಹಿಂದೆ ಸಿಕ್ಕಿಕೊಂಡಿದ್ದ ಕಾರಿನಿಂದ ಮೂವರು ಇಳಿದರು. "ರೋಡ್ ನಿಮ್ಮಪ್ಪಂದೇನೋ? ನಿಲ್ಸೋ ಅದನ್ನ!" ಎಂದನೊಬ್ಬ. "ಹೆಣ ಹೋಗ್ತಿದೆ ಸಾರ್, ಎರಡ್ ನಿಮಿಷ" ಎಂದ ಮಧುಕರ್. ಮೊದಲ ಏಟಿಗೆ ತಮಟೆ ಹರಿಯಿತು. ಮುಂದಿನದು ಕಣ್ಣಿಗೆ ಬಿತ್ತು. ತಲೆ ಉಳಿಸಿಕೊಳ್ಳಲು ಅವನು ಎರಡೂ ಕೈ ಮೇಲೆತ್ತಿದ. ಬೆರಳ ಮೂಳೆ ಪುಡಿಯಾಗುವವರೆಗೆ ಆ ಕೈಗಳ ಮೇಲೆಯೇ ಹೊಡೆದರು. ಮುಂದಿದ್ದ ತಮಟೆಯವರಿಗೆ ಹಿಂದೆ ಆಗುತ್ತಿದ್ದದ್ದು ಗೊತ್ತಾಗದೆ ಅವರು ಬಾರಿಸುತ್ತಲೇ ಇದ್ದರು.

ಕಂಬದ ಮೇಲಿದ್ದ ನಿಮ್ಮ ಕ್ಯಾಮೆರಾ ಎಲ್ಲವನ್ನೂ ನೋಡಿತು. ನೋಡಿ ಏನು ತಿಳಿದುಕೊಂಡಿತು? ನೀವು ವಿದ್ವಾಂಸರನ್ನು ಕೂರಿಸಿಕೊಂಡು ರಚಿಸಿದ ವಿಂಗಡಣೆಯ ವ್ಯವಸ್ಥೆಯಲ್ಲಿ ತಮಟೆಯ ಸದ್ದು, ಹೂವು, ಮೇಲೆತ್ತಿದ ಕೈ ಸೇರಿದರೆ ಅದು ಉತ್ಸವವಂತೆ! ಅಪರಾಧವೆಂದು ಗುರುತಾದ ದೃಶ್ಯದ ಮೂಲ ಪ್ರತಿ ಉಳಿಯುತ್ತದೆ. ಸಂಭ್ರಮದ್ದನ್ನು ಕತ್ತರಿಸಿ, ಸಂಗೀತ ಹಾಕಿ, ತಿಂಗಳ ಕೊನೆಗೆ ಮೂಲವನ್ನು ಅಳಿಸಿಹಾಕುತ್ತೀರಿ. ಸಾವಿಗೆ ನಿಮ್ಮಲ್ಲಿ ವಿಭಾಗವೇ ಇಲ್ಲ. ಈ ಊರಲ್ಲಿ ಯಾರೂ ಸಾಯುವುದಿಲ್ಲವೇ ಸ್ವಾಮಿ?

ಹೊಡೆದವರು ಈಗ "ಕುಡಿದು ಬಿದ್ದ" ಎನ್ನುತ್ತಿದ್ದಾರೆ. ಕಣ್ಣಾರೆ ಕಂಡ ನಮ್ಮವರ ಮಾತನ್ನು ಠಾಣೆಯವರು ಒಪ್ಪುತ್ತಿಲ್ಲ; ಆ ವಿಡಿಯೊ ಬಿಟ್ಟರೆ ನಮಗೆ ಬೇರೆ ಸಾಕ್ಷ್ಯವಿಲ್ಲ. ನಿಮ್ಮ ಸಿಬ್ಬಂದಿ ನಿತೀಶ್ ಅವರ ಬಳಿ ಮೂಲ ಪ್ರತಿ ಕೇಳಿದರೆ, "ಸಿಸ್ಟಮ್‌ನಲ್ಲಿ ಸೆಲೆಬ್ರೇಷನ್ ಅಂತಿದೆ ಮೇಡಂ. ಕ್ರೈಮ್ ಅಂತ ಠಾಣೆಯಿಂದ ಲೆಟರ್ ತನ್ನಿ" ಎಂದರು. ಠಾಣೆಯಲ್ಲಿ, "ಮೊದ್ಲು ವಿಡಿಯೊ ತಗೊಂಬನ್ನಿ, ಆಮೇಲೆ ಕ್ರೈಮ್ ಅನ್ನೋಣ" ಎಂದರು. ಎಷ್ಟು ಅಚ್ಚುಕಟ್ಟು!

ನಿಮ್ಮ ಕಚೇರಿಯಲ್ಲಿ ಕಾಯುತ್ತ ಕುಳಿತಿದ್ದಾಗ ಗೋಡೆಯ ಪರದೆಯಲ್ಲಿ ನೀವು ಸಂಭ್ರಮದ ತುಣುಕುಗಳನ್ನು ಜೋಡಿಸಿ ಮಾಡಿದ 'ನಮ್ಮೂರ ಬಣ್ಣಗಳು' ಚಿತ್ರ ಓಡುತ್ತಿತ್ತು. ನಾದಸ್ವರದ ನಡುವೆ ಮಧುಕರನ ಬೆನ್ನು ಬಂತು, ಎತ್ತಿದ ಕೈಗಳು ಬಂದವು. ರಾಡು ಬೀಳುವ ಮುನ್ನ ದೃಶ್ಯ ಬದಲಾಯಿತು. ಯಂತ್ರಕ್ಕೆ ತಿಳಿಯಲಿಲ್ಲ, ಒಪ್ಪಿದೆ. ಆದರೆ ಸರಿಯಾಗಿ ಆ ಗಳಿಗೆಗೆ ಕತ್ತರಿ ಹಾಕಿದ ಮನುಷ್ಯ ಯಾರು? ಅವನಿಗೆ ರಾಡು ಕಂಡಿತ್ತಲ್ಲವೇ?

ಮನೆಗೆ ಬಂದು ಹೇಳಿದಾಗ ಮಧುಕರ್ ಉಳಿದ ಒಂದು ಕಣ್ಣಲ್ಲಿ ನನ್ನನ್ನು ನೋಡಿ ಕೇಳಿದ: "ಅಕ್ಕಾ, ನಾನ್ ಕುಣೀತಿದ್ದೆ ಅಂತಾರಾ?"

ಮೂಲ ಪ್ರತಿಯನ್ನು ಅಳಿಸಬೇಡಿ. ಅದನ್ನು ನ್ಯಾಯಾಲಯಕ್ಕೆ ಒಪ್ಪಿಸಿ. ಕತ್ತರಿಸಿದವನ ಹೆಸರು ಹೇಳಿ. ಇಲ್ಲವಾದರೆ ತಮಟೆಯವರೆಲ್ಲ ನಿಮ್ಮ ಬಾಗಿಲಿಗೆ ಬಂದು ಸಾವಿನ ಬಡಿತವನ್ನೇ ಬಡಿಯುತ್ತೇವೆ. ಅದನ್ನೂ ನಿಮ್ಮ ಯಂತ್ರ ಸಂಭ್ರಮವೆಂದೇ ಬರೆದುಕೊಳ್ಳಲಿ.

ಇಂತಿ,
ಆ ವಿಡಿಯೊದ ಎಡಮೂಲೆಯಲ್ಲಿ "ಬಿಡ್ರೋ ಅವನ್ನ" ಎಂದು ಕಿರುಚುತ್ತ ಓಡಿಬರುವವಳು,
ನಿಮ್ಮ ದಾಖಲೆಯ ಪ್ರಕಾರ 'ಹರ್ಷಿಸುತ್ತಿರುವ ಪ್ರೇಕ್ಷಕಿ',
ಭಾಗ್ಯಲಕ್ಷ್ಮಿ, ಜೋಗುಪಾಳ್ಯ