ಎಡಗೈ ಅಕ್ಷರ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಕಡ್ಡಿಗೆ,

ನಿನ್ನ ಪತ್ರ ಗುರುವಾರ ಕೈ ಸೇರಿತು. ಈ ಅಕ್ಷರ ನೋಡಿ ಮುಖ ಸಿಂಡರಿಸಬೇಡ. ಎಂದಿನಂತೆ ಎಡಗೈಯಲ್ಲೇ ಗೀಚುತ್ತಿದ್ದೇನೆ. ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ತಪ್ಪು ನನ್ನದಲ್ಲ, ಬಲ ಮೊಣಕೈಯದು. ಪೆನ್ನು ಹಿಡಿದರೆ ಈಗಲೂ ಹೊರಮಗ್ಗುಲಲ್ಲಿ ಚುಳ್ ಎನ್ನುತ್ತದೆ.

ಈ ಸಲ ತೀರಾ ಚಿಕ್ಕ ಪತ್ರ ಬರೆದಿದ್ದೀಯ. ಹಾಸ್ಟೆಲ್ ವಾರ್ಡನ್ ಆದಮೇಲೆ ಹುಡುಗಿಯರಿಗೆ ನೋಟಿಸ್ ಬರೆದು ಬರೆದು ಗಂಡನಿಗೂ ನೋಟಿಸನ್ನೇ ಕಳಿಸುತ್ತೀಯೆಂದು ಕಾಣುತ್ತದೆ. ಮೊಣಕೈಗೆ ಬೆಲ್ಟ್ ಕಟ್ಟುತ್ತಿದ್ದೀಯಾ, ವ್ಯಾಯಾಮ ತಪ್ಪಿಸುತ್ತಿಲ್ಲ ತಾನೇ, ಆಪರೇಷನ್ ಬೇಡವೆಂದು ಡಾಕ್ಟರು ಖಚಿತವಾಗಿ ಹೇಳಿದರೇ, ಇಷ್ಟೇ. ಕೊನೆಗೆ ಕಡ್ಡಿ ಮುರಿದ ಹಾಗೆ, ಕೈ ಪೂರ್ತಿ ವಾಸಿಯಾದ ದಿನ ಒಂದು ಸಾಲು ಹಾಕು, ಅಲ್ಲಿಗೆ ನನ್ನ ಕೆಲಸ ಮುಗಿಯಿತು, ಆಮೇಲೆ ಬರೆದು ತೊಂದರೆ ಕೊಡುವುದಿಲ್ಲ ಎಂದಿದ್ದೀಯ. ಅದನ್ನು ಓದಿ ಚಹಾ ಮಾಡಲು ಎದ್ದವನು ಒಲೆ ಹಚ್ಚಿ ಪಾತ್ರೆ ಇಡುವುದನ್ನೇ ಮರೆತು ನಿಂತಿದ್ದೆ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಇನ್ನೂ ವಾಸಿಯಾಗಿಲ್ಲ.

ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಕೈಯ ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಹಗ್ಗದಂಥ ಒಂದು ಪಟ್ಟಿ ಇದೆಯಂತೆ. ವರ್ಷಗಟ್ಟಲೆ ಗೋಡೆಗೆ ಬಣ್ಣದ ರೋಲರ್ ಎಳೆದು ಎಳೆದು ನನ್ನದು ಅಲ್ಲಲ್ಲಿ ಎಳೆ ಬಿಚ್ಚಿಕೊಂಡಿದೆ. ಆಪರೇಷನ್ ಮಾತು ಈಗ ಬೇಡ, ಅದು ಕಟ್ಟಕಡೆಯದು, ಅದಕ್ಕೆ ಮುಂಚೆ ಮಾಡುವುದು ಬೇಕಾದಷ್ಟಿದೆ ಎಂದರು. ರೋಗಿಯ ರಕ್ತವನ್ನೇ ತೆಗೆದು, ಅದರಲ್ಲಿ ಬೇಕಾದ್ದನ್ನು ಬೇರ್ಪಡಿಸಿ, ನೋವಿರುವ ಕಡೆ ಚುಚ್ಚುವ ಒಂದು ಚಿಕಿತ್ಸೆಯೂ ಇದೆಯಂತೆ. ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಇಲ್ಲ, ಖಾತ್ರಿ ಕೊಡಲಾರೆ ಎಂದು ಅವರೇ ಹೇಳಿದರು. ನನ್ನ ರಕ್ತದ ಮೇಲೆ ನನಗೇ ಅಷ್ಟು ಭರವಸೆ ಇಲ್ಲವಾದ್ದರಿಂದ ಬೇಡವೆಂದೆ. ನೀನಿದ್ದಿದ್ದರೆ ಇಲ್ಲಿ ನಗುತ್ತಿದ್ದೆ.

ನೋವಿಗೆಂದು ಮೊದಲು ಹಾಕಿಸಿಕೊಂಡ ಆ ಹಳೆಯ ಇಂಜೆಕ್ಷನ್ ವಿಷಯವನ್ನು ನನ್ನ ತಂಗಿಯಿಂದ ಕೇಳಿ ತಿಳಿದಿದ್ದೀಯ, ಆದರೆ ಅವಳಿಗೆ ಪೂರ್ತಿ ಗೊತ್ತಿಲ್ಲ. ಚುಚ್ಚಿಸಿಕೊಂಡ ಕೆಲವೇ ದಿನಕ್ಕೆ ನೋವು ಮಂಗಮಾಯವಾಯಿತು. ಕೈಗೆ ಕೆಲಸ ಕೊಡಬೇಡ, ನೋವು ಅಡಗಿದೆಯೇ ಹೊರತು ಗಾಯ ಮಾಗಿಲ್ಲ ಎಂದು ಡಾಕ್ಟರು ಹೇಳಿಯೇ ಇದ್ದರು. ನಾನು ಕೇಳಬೇಕಲ್ಲ! ಒಂದು ಶಾಲೆಯ ಸಭಾಂಗಣದ ಚಾವಣಿ ಒಪ್ಪಿಕೊಂಡುಬಿಟ್ಟೆ. ಅರ್ಧ ಹೊಡೆದಾಗ ಕೈ ನಡುಗತೊಡಗಿತು. ಬಣ್ಣದವರ ಚಾಳಿ ನಿನಗೆ ಗೊತ್ತೇ ಇದೆ. ಮಧ್ಯೆ ನಿಲ್ಲಿಸಿದರೆ ಹಸಿ ಬಣ್ಣ ಒಣ ಬಣ್ಣ ಸೇರುವ ಕಡೆ ಗೆರೆ ಬೀಳುತ್ತದೆ, ಆ ಗೆರೆ ಮೇಲೆ ಎಷ್ಟು ಕೈ ಬಣ್ಣ ಹೊಡೆದರೂ ಇಣುಕುತ್ತದೆ. ನಿಲ್ಲಿಸಲಿಲ್ಲ, ಪೂರ್ತಿ ಹೊಡೆದೆ. ಚಾವಣಿ ಕನ್ನಡಿಯಂತೆ ಬಂತು. ಮಾರನೆಯ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಎತ್ತಲಾಗಲಿಲ್ಲ. ಜಗಳವನ್ನೂ ನಾನು ಮಧ್ಯೆ ನಿಲ್ಲಿಸುವುದಿಲ್ಲ ಎಂದು ನೀನು ಹೇಳುತ್ತಿದ್ದದ್ದು ಆವತ್ತು ನೆನಪಾಯಿತು. ಅದಕ್ಕೇ ಅಲ್ಲವೇ ಫೋನು ಬೇಡ, ಪತ್ರ ಸಾಕು ಎಂದು ನಾವು ಒಪ್ಪಂದ ಮಾಡಿಕೊಂಡದ್ದು. ಕಾಗದದ ಮೇಲೆ ನಾನು ಎಷ್ಟು ಕೂಗಾಡಿದರೂ ನೀನು ಮಡಚಿ ಇಡಬಹುದು.

ಆಮೇಲೆ ಡಾಕ್ಟರು ನನ್ನನ್ನು ಫಿಸಿಯೋ ಹುಡುಗಿಯ ಕೈಗೆ ಒಪ್ಪಿಸಿದರು. ನೋಡಲು ಇಷ್ಟೇ ಇಷ್ಟು, ಬಾಯಿ ಮಾತ್ರ ನಿನ್ನಷ್ಟೇ. ಮೊದಲು ಕೆಲವು ವಾರ ಟಕಟಕ ಎಂದು ಬಡಿಯುವ ಒಂದು ಯಂತ್ರವನ್ನು ಮೊಣಕೈಗೆ ಹಿಡಿದಳು. ಗೋಡೆಯ ಹಳೆ ಗಾರೆ ಕೆರೆಯುವಾಗ ಗೋಡೆಗೆ ಏನನಿಸುತ್ತದೆಂದು ಆಗ ಗೊತ್ತಾಯಿತು. ನಿಜವಾದ ಮದ್ದು ಇದಲ್ಲ, ವ್ಯಾಯಾಮ ಎಂದಳು. ಕೈಯನ್ನು ಸುಮ್ಮನೆ ಮಡಿಲಲ್ಲಿಟ್ಟುಕೊಂಡು ಕೂತರೆ ಆ ಪಟ್ಟಿ ಇನ್ನೂ ಸೊರಗುತ್ತದಂತೆ. ತೂಕ ಕೊಡಬೇಕು, ಅದೂ ಸ್ವಲ್ಪ ಸ್ವಲ್ಪವಾಗಿ. ಮುಂಗೈಯನ್ನು ಮೇಜಿನ ಮೇಲಿಟ್ಟು, ಹಸ್ತವನ್ನು ಅಂಚಿನಾಚೆ ಚಾಚಿ, ಎಡಗೈ ಆಸರೆಯಲ್ಲಿ ತೂಕ ಮೇಲೆತ್ತಿ, ಬಲಗೈ ಒಂದರಲ್ಲೇ ನಿಧಾನಕ್ಕೆ ಇಳಿಸುವುದು. ಅಜ್ಜಿ ಮೆಟ್ಟಿಲು ಇಳಿಯೋ ಹಾಗೆ ಇಳಿಸ್ರೀ, ಕೊಡ ಬೀಳಿಸಿದ ಹಾಗಲ್ಲ ಎಂದು ಗದರುತ್ತಾಳೆ. ಸ್ವಲ್ಪ ನೋವಿರ್ಲಿ, ಮಾರನೇ ದಿನಕ್ಕೆ ಉಳೀಬಾರ್ದು ಅಷ್ಟೇ ಎನ್ನುತ್ತಾಳೆ. ಮನೆಯಲ್ಲಿ ಡಂಬೆಲ್ ಎಲ್ಲಿಂದ ತರಲಿ? ಪೇಂಟಿನ ಸಣ್ಣ ಡಬ್ಬಿಗೆ ಮರಳು ತುಂಬಿ ಅದನ್ನೇ ಎತ್ತಿ ಇಳಿಸುತ್ತೇನೆ.

ನನ್ನ ಜೊತೆಗೆ ಒಬ್ಬ ಬಸ್ ಕಂಡಕ್ಟರ್ ಬರುತ್ತಾರೆ. ಅವರಿಗೆ ಹಿಮ್ಮಡಿಯ ಮೇಲೆ ಇದೇ ಕಾಯಿಲೆ. ಮೆಟ್ಟಿಲ ಅಂಚಿನಲ್ಲಿ ಬೆರಳ ಮೇಲೆ ನಿಂತು ಹಿಮ್ಮಡಿಯನ್ನು ಕೆಳಕ್ಕೆ ಇಳಿಸುತ್ತಾ, ಮುಂದೆ ಹೋಗಿ, ಮುಂದೆ ಹೋಗಿ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಅವರ ಹೆಂಡತಿ ಹೊರಗೆ ಬೆಂಚಿನ ಮೇಲೆ ಅವರ ಬೂಟುಗಳನ್ನು ಕಾಲ ಬಳಿ ಇಟ್ಟುಕೊಂಡು ಕೂತಿರುತ್ತಾಳೆ. ಇವರು ಹೊರಬಂದರೆ ಹೇಗಿತ್ತು ಎಂದೂ ಕೇಳುವುದಿಲ್ಲ, ಬೂಟು ಮುಂದಕ್ಕೆ ತಳ್ಳುತ್ತಾಳೆ, ಅಷ್ಟೇ. ನಾನು ಆ ಬೆಂಚಿನ ಕಡೆ ನೋಡದೆ ಬಾಗಿಲು ದಾಟುತ್ತೇನೆ. ಹೊಟ್ಟೆಕಿಚ್ಚು ಎಂದುಕೊ, ಏನು ಬೇಕಾದರೂ ಎಂದುಕೊ.

ಒಂದು ದಿನ ಫಿಸಿಯೋ ಹುಡುಗಿ, ಮನೇಲಿ ಎಣಿಸೋಕೆ ಯಾರಾದ್ರೂ ಇದ್ದಾರಾ, ಒಬ್ಬರೇ ಮಾಡಿದ್ರೆ ಬೇಗ ಬೇಗ ಮುಗಿಸಿಬಿಡ್ತೀರ ಎಂದು ಕೇಳಿದಳು. ಹೆಂಡ್ತಿ ಇದ್ದಾಳೆ, ಎಣಿಸ್ತಾಳೆ, ತುಂಬಾ ಕಟ್ಟುನಿಟ್ಟು ಎಂದುಬಿಟ್ಟೆ. ಬಾಯಿ ತಪ್ಪಿ ಬಂದದ್ದಲ್ಲ, ಬೇಕೆಂದೇ ಹೇಳಿದೆ. ಹಾಗೆ ಹೇಳಿದ ಮೇಲೆ ಮನೆಯಲ್ಲಿ ನಾನೇ ನಿನ್ನ ದನಿಯಲ್ಲಿ ಗಟ್ಟಿಯಾಗಿ ಎಣಿಸುವುದು ಅಭ್ಯಾಸವಾಗಿದೆ. ಪಕ್ಕದ ಮನೆಯಾಕೆ ಗೋಡೆ ತಟ್ಟಿ ಯಾರಾದ್ರೂ ಬಂದಿದ್ದಾರಾ ಎಂದು ಕೇಳಿದಳು. ಯಾರೂ ಇಲ್ಲ ಎಂದೆ.

ಕೈ ನೋವಿನ ಮೊದಲು ನಿನ್ನಿಂದ ಒಂದು ಅಕ್ಷರವೂ ಬರುತ್ತಿರಲಿಲ್ಲ. ನೀನು ಹಾಸ್ಟೆಲಿಗೆ ಹೋದಮೇಲೆ ಮನೆಯ ಬೀಗ ತೆಗೆದರೆ, ಬೆಳಿಗ್ಗೆ ಬಿಟ್ಟು ಹೋದ ಲೋಟ ಬಿಟ್ಟ ಕಡೆಯೇ ಇರುತ್ತಿತ್ತು. ದಿನವೆಲ್ಲ ಹೊಡೆಯುವುದೂ ಖಾಲಿ ಮನೆಗಳಿಗೇ. ಬಣ್ಣ ಒಣಗುವ ಹೊತ್ತಿಗೆ ಅಲ್ಲಿಗೆ ಸಾಮಾನು ಬರುತ್ತದೆ, ಮಕ್ಕಳು ಬರುತ್ತವೆ, ನಾನು ಏಣಿ ಹೊತ್ತುಕೊಂಡು ಇನ್ನೊಂದು ಖಾಲಿ ಮನೆಗೆ ಹೋಗುತ್ತೇನೆ. ಮೊಣಕೈ ಕೆಟ್ಟಮೇಲೆ ನಿನ್ನ ಪತ್ರಗಳು ಶುರುವಾದವು. ನೋವು ತಿನ್ನುತ್ತಿದ್ದರೂ ಅಂಚೆಯವನ ಸೈಕಲ್ ಬೆಲ್ಲಿಗೆ ಕಿವಿ ನೆಟ್ಟಗಾಗುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಒಂಟಿ ಅನಿಸುತ್ತದೆ. ಜೊತೆಗಿದ್ದಾಗ ಹೇಳದವನು ಈಗ ಹೇಳುತ್ತಾನೆ ಎಂದು ನೀನು ತುಟಿ ಕೊಂಕಿಸುತ್ತೀಯ, ಕೊಂಕಿಸು.

ಇನ್ನೇನಿಲ್ಲ. ಮನೆ ನೀನು ಬಿಟ್ಟಂತೆಯೇ ಇದೆ. ಊರಿನ ಗೋಡೆಗಳಿಗೆಲ್ಲ ಬಣ್ಣ ಬಳಿಯುವವನ ಅಡುಗೆಮನೆ ಮಾತ್ರ ಇದ್ದಿಲು ಗೂಡಿನಂತಿದೆ ಎಂದು ಬಂದವರ ಮುಂದೆಲ್ಲ ಹಂಗಿಸುತ್ತಿದ್ದೆಯಲ್ಲ, ಅದೂ ಹಾಗೇ ಇದೆ. ಈ ಕೈಯಲ್ಲಿ ಏನು ಮಾಡಲಿ? ವಾಸಿಯಾಗಲು ಇನ್ನೂ ಬಹಳ ದಿನ ಬೇಕೆಂದು ಕಾಣುತ್ತದೆ. ನಿನ್ನ ಪ್ರಶ್ನೆಗಳನ್ನು ಕಳಿಸುತ್ತಿರು. ಹುಡುಗಿಯರನ್ನು ಜಾಸ್ತಿ ಗದರಬೇಡ, ಗಂಟಲು ಕೆಡುತ್ತದೆ.

ಇಂತಿ,
ಎಷ್ಟು ಮಾತಾಡಿಸಿದರೂ ಮಾತಾಡುವುದಿಲ್ಲವೆಂದು ನೀನೇ ಹೆಸರಿಟ್ಟ
ನಿನ್ನ ಗೋಡೆ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿದ್ದವನು ಮತ್ತೆ ಬಿಚ್ಚಿದೆ. ಇಲ್ಲಿಂದ ಅಕ್ಷರ ಬದಲಾದದ್ದು ನಿನ್ನ ಕಣ್ಣಿಗೆ ಆಗಲೇ ಬಿದ್ದಿರುತ್ತದೆ. ದುಂಡಗಿದೆ, ಸಾಲು ನೆಟ್ಟಗಿದೆ. ಹೌದು, ಬಲಗೈ. ಕೈ ವಾಸಿಯಾಗಿದೆ, ಕಡ್ಡಿ. ಇನ್ನು ಬರಬೇಕಾಗಿಲ್ಲ ಎಂದು ಫಿಸಿಯೋ ಹುಡುಗಿ ಹೋದ ತಿಂಗಳೇ ಕಳಿಸಿಕೊಟ್ಟಳು. ಮೇಲಿನದನ್ನು ಎಡಗೈಯಲ್ಲಿ ಬರೆದದ್ದು ನಿನ್ನ ಪತ್ರ ನಿಲ್ಲಬಾರದೆಂದು.

ಅಡುಗೆಮನೆ ಹಾಗೇ ಇದೆ ಎಂದದ್ದೂ ಸುಳ್ಳು. ವಾಸಿಯಾದ ಕೈಯಿಂದ ಮೊದಲು ಹೊಡೆದದ್ದೇ ಅದಕ್ಕೆ, ನೀನು ಕೇಳಿದ್ದ ತಿಳಿ ಹಳದಿ. ಸ್ವಿಚ್ಚಿನ ಪಕ್ಕ ನೀನು ಪೆನ್ಸಿಲಿನಲ್ಲಿ ಬರೆದಿದ್ದೆಯಲ್ಲ, ಗ್ಯಾಸಿನವನ ನಂಬರು, ಅದರ ಕೆಳಗೆ 'ಇವನು ಬಂದ ಮೇಲೆ ಕೇಳಬೇಕು' ಎಂದು. ನನ್ನನ್ನು ಏನು ಕೇಳಬೇಕಿತ್ತೋ. ಅಲ್ಲಿಗೆ ಬಂದಾಗ ರೋಲರ್ ನಿಲ್ಲಿಸಿದೆ. ಅಂಗೈಯಗಲ ಹಳೇ ಗೋಡೆ ಹಾಗೇ ಉಳಿದಿದೆ, ಸುತ್ತ ಗೆರೆ ಎದ್ದು ಕಾಣುತ್ತದೆ. ನಮ್ಮ ಕಸುಬಿನವರು ಯಾರಾದರೂ ನೋಡಿದರೆ ನನ್ನ ಮಾನ ಹೋಗುತ್ತದೆ.

ನೋವು ಹೋಯ್ತು ಅಂತ ಬಿಟ್ಟುಬಿಡ್ಬೇಡಿ, ಬಿಟ್ಟವರಿಗೆ ತಿರುಗಿ ಬರುತ್ತೆ ಎಂದು ಕಳಿಸುವಾಗ ಹುಡುಗಿ ಹೇಳಿದಳು. ಡಬ್ಬಿಯನ್ನು ಇನ್ನೂ ದಿನಾ ಎತ್ತಿ ಇಳಿಸುತ್ತಿದ್ದೇನೆ. ನೀನೂ ಬರೆಯುವುದನ್ನು ಬಿಡಬೇಡ. ಕೈಯ ಬಗ್ಗೆ ಕೇಳಲು ಇನ್ನೇನೂ ಉಳಿದಿಲ್ಲ. ಗೋಡೆಯ ಮೇಲೆ ಕೇಳಬೇಕೆಂದು ಬರೆದಿಟ್ಟದ್ದು ಏನೆಂದು ಮರೆತಿರದಿದ್ದರೆ, ಅದನ್ನು ಕೇಳು.