ತಿರುವಿನಲ್ಲಿಟ್ಟ ದೀಪ

ನಾಕ್ಸೋಸ್, ಭಾನುವಾರ

ಅತ್ತೆಯವರಿಗೆ,

ಅಥೆನ್ಸಿನಿಂದ ನೀವು ಕಳಿಸಿದ ಎಣ್ಣೆ ಡಬ್ಬ ಹಡಗಿನಲ್ಲಿ ಬಂತು. ನಿಕಿಫೋರೋಸ್ ಸೈಕಲ್ಲಿನಿಂದ ಬಿದ್ದ ತಿರುವಿನಲ್ಲಿ, ಮಗ ಬದುಕಿದನೆಂದು ನೀವು ನಿಲ್ಲಿಸಿದ ತಗಡಿನ ಪುಟ್ಟ ಗುಡಿಯ ದೀಪ ಒಂದು ದಿನವೂ ಆರಿಲ್ಲ.

ಸೈಕಲ್ ಬಾಡಿಗೆ ಅಂಗಡಿ ನಡೆಯುತ್ತಿದೆ. "ಅವಸರ ಬೇಡ, ದ್ವೀಪ ಎಲ್ಲೂ ಓಡಿಹೋಗಲ್ಲ" ಎಂದು ಅವನು ಬರೆದ ಫಲಕ ಬಾಗಿಲಲ್ಲೇ ಇದೆ. ಪ್ರವಾಸಿಗಳು ಓದಿ ನಗುತ್ತಾರೆ, ಎಲೆಕ್ಟ್ರಿಕ್ ಸೈಕಲ್ ಹತ್ತಿ ಬೆಟ್ಟದ ಕಡೆ ಹೋಗುತ್ತಾರೆ. ಬ್ರೇಕ್ ನಾನೇ ನೋಡಿ ಕೊಡುತ್ತೇನೆ.

ನಿನ್ನೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಗ ಪ್ರವಾಸಿ ಹೆಂಗಸೊಬ್ಬಳು ಸೈಕಲ್ ನಿಲ್ಲಿಸಿ, "ಅಯ್ಯೋ, ಇಲ್ಲಿ ಯಾರು ಸತ್ತಿದ್ದು?" ಎಂದು ಕೇಳಿದಳು. ಸತ್ತವರಿಗೂ ಬದುಕಿ ಉಳಿದವರಿಗೂ ನಾವು ಒಂದೇ ಥರದ ಗುಡಿ ಇಡುತ್ತೇವೆಂದು ಅವಳಿಗೇನು ಗೊತ್ತು? "ಯಾರೂ ಸತ್ತಿಲ್ಲ, ಬದುಕಿದ್ದಕ್ಕೆ ಇಟ್ಟಿದ್ದು" ಎಂದು ಎಲ್ಲರಿಗೂ ಹೇಳುವವಳು ನಿನ್ನೆ "ನನ್ನ ಗಂಡ" ಎಂದುಬಿಟ್ಟೆ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. ನಾನು ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಮನೆಗೆ ಬಂದು ನಿಮ್ಮ ಮಗನಿಗೆ ಮೀನಿನ ಸಾರು ಕುಡಿಸಿ ಮಗ್ಗುಲು ಬದಲಿಸಿದೆ. ಕಣ್ಣು ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ಬೆನ್ನಿನ ಹುಣ್ಣು ಮತ್ತೆ ಒಡೆದಿದೆ.

ಫೋನಿನಲ್ಲಿ ನೀವು "ಉಸಿರಾಡ್ತಿದಾನಲ್ಲ, ಅಷ್ಟು ಸಾಕು ಕಣೇ" ಅನ್ನುತ್ತೀರಿ. ಒಮ್ಮೆ ಬಂದು ಅವನ ಪಕ್ಕದಲ್ಲಿ ಕೂತು ಅದೇ ಮಾತು ಹೇಳಿ. ಇನ್ನು ಎಣ್ಣೆ ಕಳಿಸಬೇಡಿ. ತೊಳೆದು ತೊಳೆದು ಮೆತ್ತಗಾದ ಹಳೆಯ ಹತ್ತಿ ಹಾಸುಬಟ್ಟೆಗಳಿದ್ದರೆ ತನ್ನಿ.

ಆ ಹೆಂಗಸು ಹೋಗುವಾಗ ಗುಡಿಯ ಮುಂದೆ ಸತ್ತವರಿಗೆಂದು ಹೂವಿಟ್ಟು ಹೋದಳು. ನಾನು ತೆಗೆದಿಲ್ಲ.

ನಿಮ್ಮ ಸೊಸೆ,
ಗರಿಫಾಲಿಯಾ